ಹೊರಗಡೆ ಹಾಕುವ ಲೈನಿಂಗ್

ಸೆಪ್ಟೆಂಬರ್ 2, ಸೋಮವಾರ

ಮಾತು ಕಲಿಸಲು ಬರುವ ಮೇಡಂ ಇವತ್ತು ಒಂದು ಹೊಸ ಪುಸ್ತಕ ಕೊಟ್ಟು ಹೋದರು. ನಮ್ಮನೆಯವರು ದಿನಕ್ಕೆ ಏನು ಮಾತಾಡಿದರು, ಬಲಗೈ ಎಷ್ಟು ಆಡಿಸಿದರು ಎಂದು ನಾನು ಅದರಲ್ಲಿ ಬರೆಯಬೇಕಂತೆ. ಬರೆದೆ. "ಮಾತು: ಇಲ್ಲ. ಬಲಗೈ: ಇಲ್ಲ." ಒಂದೇ ಸಾಲಿಗೆ ಮುಗಿಯಿತು. ಉಳಿದದ್ದನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಅದಕ್ಕೇ ನನ್ನ ಹಳೆಯ ಅಳತೆ ಪುಸ್ತಕ ತೆಗೆದಿದ್ದೇನೆ. ಮುಂದಿನ ಹಾಳೆಗಳಲ್ಲಿ ಕೋಟು ಹೊಲಿಸಿಕೊಂಡವರ ಎದೆ, ಸೊಂಟ, ತೋಳು ಇವೆ. ನಾನು ಹಿಂದಿನಿಂದ ಶುರು ಮಾಡುತ್ತೇನೆ. ಯಾರೂ ಓದುವ ಭಯವಿಲ್ಲ, ನನ್ನ ಅಕ್ಷರ ಒಮ್ಮೊಮ್ಮೆ ನನಗೇ ಓದಲು ಬರುವುದಿಲ್ಲ.

ಮೊದಲು ನಿಜ ಬರೆದುಬಿಡುತ್ತೇನೆ. ನನಗೆ ಹೇಸಿಗೆಯಾಗುತ್ತಿದೆ.

ಇವರಿಗೆ ಲಕ್ವ ಹೊಡೆದು ಇವತ್ತಿಗೆ ಇಪ್ಪತ್ತನಾಲ್ಕು ದಿನ. ಕನ್ನಡಕದ ಅಂಗಡಿಯಲ್ಲಿ ಮೂವತ್ತು ವರ್ಷ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿದ ಬಲಗೈ ಈಗ ಹಿಂಡದ ಟವೆಲಿನ ಹಾಗೆ ನೇತಾಡುತ್ತದೆ. ಬಾಯಿಯ ಬಲಗಡೆಯಿಂದ ಜೊಲ್ಲು ಇಳಿದು ಕಾಲರಿಗೆ ಬೀಳುತ್ತದೆ. ಆ ಕಾಲರು ನಾನೇ ಹೊಲಿದದ್ದು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಜೊಲ್ಲು ಒರೆಸುವಾಗ ನಾನು ಕಿಟಕಿಯ ಕಡೆಗೆ ಮುಖ ತಿರುಗಿಸುತ್ತೇನೆ. ಇವರು ಅದನ್ನು ನೋಡುತ್ತಾರೆ. ನೋಡುತ್ತಾರೆ ಎಂದು ನನಗೆ ಗೊತ್ತು. ಆದರೂ ತಿರುಗಿಸುತ್ತೇನೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದ ಮಹಾನುಭಾವರು ಯಾರೋ, ನಮ್ಮ ಮನೆಗೆ ಬರಲಿ. ಬಂಗಾರ ತುಂಬಿ ತುಳುಕುತ್ತಿದೆ. ಮೂಟೆ ಕಟ್ಟಿ ಕೊಡುತ್ತೇನೆ.

ಸೆಪ್ಟೆಂಬರ್ 5, ಗುರುವಾರ

ಮೇಡಂ ಇವರ ಬಲಗೈಗೆ ಹಸಿರು ಜೇಡಿಯ ಉಂಡೆ ಕೊಟ್ಟು ಹಿಸುಕಿ ಎಂದರು. ಇವರು ಎಡಗೈಯಿಂದ ಅದನ್ನು ತೆಗೆದು ಮಂಚದ ಕೆಳಗೆ ಬಿಸಾಕಿದರು. "ಪ ಅನ್ನಿ, ಬ ಅನ್ನಿ" ಎಂದರೆ ಗೋಡೆಯ ಕಡೆ ತಿರುಗಿ ಮಲಗಿದರು. ಮೇಡಂ ನನ್ನನ್ನು ಬಾಗಿಲ ಹೊರಗೆ ಕರೆದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗಿ, ಮಾತು ಮಾತ್ರ ಅಜ್ಜಿಯದು.

"ಅಮ್ಮ, ಮೊದಲ ಮೂರು ತಿಂಗಳು ತುಂಬಾ ಮುಖ್ಯ. ಆಮೇಲೆ ಮಾತು ಬರೋದೇ ಇಲ್ಲ ಅಂತ ಅಲ್ಲ, ಆದ್ರೆ ಬಹಳ ಕಷ್ಟ. ಇವರು ಪ್ರಯತ್ನಾನೇ ಮಾಡ್ತಿಲ್ಲ. ಹೀಗೆ ಗೋಡೆ ನೋಡ್ಕೊಂಡು ಮಲಗಿಬಿಟ್ರೆ ಹಾಗೇ ಉಳಿದುಬಿಡ್ತಾರೆ. ಮುಂಚೆ ಇವರಿಗೆ ಏನು ಇಷ್ಟ ಇತ್ತು?"

ಹೇಳಲು ನಾಚಿಕೆಯಾಯಿತು. "ಗೊಂಬೆ" ಎಂದೆ.

"ಗೊಂಬೆ?"

"ಪ್ಲಾಸ್ಟಿಕ್ ಗೊಂಬೆ. ಹೆಬ್ಬೆರಳಷ್ಟು ಉದ್ದ. ಅದಕ್ಕೆ ಕೂದಲೆಳೆಯಂಥ ಬ್ರಶ್ ತಗೊಂಡು ಬಣ್ಣ ಹಾಕ್ತಿದ್ರು. ಮಾಡೆಲ್ ಅಂತಾರೆ. ಐವತ್ತೆಂಟು ವರ್ಷದ ಗಂಡಸು."

ಹುಡುಗಿ ನಗಲಿಲ್ಲ. "ಅದನ್ನೇ ಕೊಡಿ. ಬೆರಳು ಆಡಿದ್ರೆ ನಾಲಿಗೆನೂ ಆಡುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಬೆಳಗ್ಗೆ ಎದ್ದು ಕೂರೋಕೆ ಮನುಷ್ಯಂಗೆ ಒಂದು ಕಾರಣ ಬೇಕಲ್ಲ."

ಹಿಂದಿನ ಕೋಣೆ ತೆಗೆದೆ. ಮುಚ್ಚಿಟ್ಟ ಕೋಣೆಯ ಕಮಟು, ಅಂಟಿನ ವಾಸನೆ, ಒಣಗಿ ಬಿರಿದ ಬಣ್ಣದ ತಟ್ಟೆಗಳು, ನೊಣದ ಹೆಣ. ನಾನು ಈ ಕೋಣೆಗೆ ಪೊರಕೆ ಹಿಡಿದು ಬಂದರೆ ಇವರು ಹೊಸಿಲಲ್ಲೇ ಅಡ್ಡ ನಿಲ್ಲುತ್ತಿದ್ದರು. ಮೇಜಿನ ಮೇಲೆ ಇಪ್ಪತ್ತನಾಲ್ಕು ಬ್ಯಾಂಡಿನವರು ನಿಂತಿದ್ದರು. ಒಬ್ಬೊಬ್ಬನನ್ನೂ ಒಂದೊಂದು ಬಾಟಲಿ ಮುಚ್ಚಳಕ್ಕೆ ಅಂಟಿಸಿದ್ದಾರೆ, ಕೈಯಲ್ಲಿ ಹಿಡಿಯಲು. ಕಹಳೆ, ಕೊಳಲು, ತಾಳ, ದೊಡ್ಡ ಡ್ರಮ್ಮು, ಮುಂದೆ ಕೋಲು ಹಿಡಿದ ಮುಖಂಡ. ಬರೀ ಪ್ಲಾಸ್ಟಿಕ್ ಬಣ್ಣ, ಹೆಣದ ಬಣ್ಣ. ಎಲ್ಲರ ಬಾಯಿಯೂ ಉಬ್ಬಿದೆ, ಒಬ್ಬನಿಂದಲೂ ಸದ್ದಿಲ್ಲ. ನಮ್ಮ ಮನೆಗೆ ಸರಿಯಾಗಿದ್ದಾರೆ.

ಕಹಳೆಯವನನ್ನೂ ಕೆಂಪು ಬಣ್ಣದ ಪುಟ್ಟ ಸೀಸೆಯನ್ನೂ ಟ್ರೇಯಲ್ಲಿಟ್ಟು ಇವರ ಮುಂದೆ ತಂದೆ. ಇವರು ಎದ್ದು ಕೂತರು! ನಾನು ಎಬ್ಬಿಸದೆ ತಾವಾಗಿ ಎದ್ದು ಕೂತದ್ದು ಇದೇ ಮೊದಲು. ಎಡಗೈಯಲ್ಲಿ ಬ್ರಶ್ ಹಿಡಿದು ಕೋಟಿಗೆ ಕೆಂಪು ಹಚ್ಚಿದರು. ಬಣ್ಣ ನಿಲ್ಲಲಿಲ್ಲ. ಎಣ್ಣೆ ಬಟ್ಟಲಿಗೆ ನೀರು ಹಾಕಿದಂತೆ ಹನಿಹನಿಯಾಗಿ ಜಾರಿತು. ಮತ್ತೆ ಹಚ್ಚಿದರು, ಮತ್ತೆ ಜಾರಿತು. ಮೂರನೆಯ ಸಲಕ್ಕೆ ಟ್ರೇಯನ್ನೇ ತಳ್ಳಿದರು. ನನ್ನ ಹಾಸಿಗೆ ಹೊದಿಕೆ ತುಂಬ ಕೆಂಪು. ಗೋಡೆ, ಗೋಡೆ, ಮತ್ತೆ ಆ ಹಾಳು ಗೋಡೆ.

ಸೆಪ್ಟೆಂಬರ್ 8, ಭಾನುವಾರ

ಹೊದಿಕೆ ಉಜ್ಜುವಾಗ ನೆನಪಾಯಿತು. ಬಣ್ಣಕ್ಕೆ ಮುಂಚೆ ಇವರು ತಾರಸಿಗೆ ಹೋಗಿ ಒಂದು ಡಬ್ಬಿಯಿಂದ ಏನೋ ಹೊಡೆಯುತ್ತಿದ್ದರು. ಒಣಗಲು ಹಾಕಿದ ಬಟ್ಟೆಗೆ ಆ ದರಿದ್ರ ವಾಸನೆ ಹತ್ತುತ್ತದೆ ಎಂದು ನಾನು ರಂಪ ಮಾಡುತ್ತಿದ್ದೆ. ಒಂದು ದಿನ ಕೂರಿಸಿಕೊಂಡು ವಿವರಿಸಿದ್ದರು.

"ಬರೀ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲಲ್ಲ ಕಣೇ. ಮೊದ್ಲು ಪ್ರೈಮರ್ ಹೊಡೀಬೇಕು. ನೀನು ಕೋಟಿಗೆ ಲೈನಿಂಗ್ ಹಾಕಲ್ವಾ, ಹಾಗೇ. ನಿಂದು ಒಳಗಡೆ, ನಂದು ಹೊರಗಡೆ."

"ಹೊರಗಡೆ ಲೈನಿಂಗ್ ಹಾಕೋ ದರ್ಜಿನ ನಾನು ಕೆಲಸಕ್ಕೆ ಇಟ್ಕೊಳ್ಳಲ್ಲ" ಎಂದಿದ್ದೆ.

"ಒಂದಲ್ಲ, ತೆಳ್ಳಗೆ ಮೂರು ಕೋಟ್ ಹೊಡೀಬೇಕು."

"ಗೊಂಬೆಗೆ ಮೂರು ಕೋಟು! ನಿಮಗೆ ಒಂದು ಕೋಟಿನ ಅಳತೆ ಕೊಡೋಕೆ ಪುರುಸೊತ್ತಿಲ್ಲ."

ಇವರು ನಕ್ಕಿದ್ದರೋ ಇಲ್ಲವೋ ನೆನಪಿಲ್ಲ. ನಾನು ಮೆಷಿನ್ ತುಳಿಯುತ್ತಿದ್ದೆ, ತಲೆ ಎತ್ತಿ ನೋಡಿರಲಿಲ್ಲ.

ಮಾಡೆಲ್ ಸಾಮಾನಿನ ಅಂಗಡಿಗೆ ಹೋದೆ. ಸಂದಿಯೊಳಗೊಂದು ಸಂದಿ, ಅದರೊಳಗೆ ಅಂಗಡಿ. ಒಳಗೆಲ್ಲ ಮಧ್ಯವಯಸ್ಸಿನ ಗಂಡಸರು, ಮದುವೆಗೆ ಒಡವೆ ಆರಿಸುವವರಂತೆ ಗಂಭೀರವಾಗಿ ಗೊಂಬೆ ಆರಿಸುತ್ತಿದ್ದರು. ಅಂಗಡಿಯವನ ಗಡ್ಡದಲ್ಲಿ ನೀಲಿ ಬಣ್ಣ ಹತ್ತಿತ್ತು. ಯಾರ ಮನೆಯಿಂದ ಎಂದು ಹೇಳಿದ ಕೂಡಲೇ ಎದ್ದು ನಿಂತ.

"ಕನ್ನಡಕದ ಸರ್ ಮನೆಯವರಾ? ಹೇಗಿದ್ದಾರೆ ಅವರು? ಅವರ ಪ್ರೈಮರ್ ನೋಡಿ ನಾವೆಲ್ಲಾ ಕಲಿತಿದ್ದು."

ಜನ ಏನೇನನ್ನೋ ನೋಡಿ ಕಲಿಯುತ್ತಾರೆ. ನಾನು ಡಬ್ಬಿ ಕೊಡಿ ಎಂದೆ.

"ಯಾವುದು ಕೊಡಲಿ? ಕಪ್ಪು ಹೊಡೆದ್ರೆ ಸಂದುಗೊಂದಿಗೆಲ್ಲಾ ನೆರಳು ಪುಕ್ಕಟೆ ಸಿಗುತ್ತೆ, ಆದ್ರೆ ಮೇಲಿನ ಬಣ್ಣ ಮಂಕಾಗುತ್ತೆ. ಬಿಳಿ ಹೊಡೆದ್ರೆ ಬಣ್ಣ ಹೊಳೆಯುತ್ತೆ, ತಪ್ಪೂ ಹೊಳೆಯುತ್ತೆ. ಬೂದು ಹೊಡೆದ್ರೆ ಯಾರಿಗೂ ದ್ರೋಹ ಇಲ್ಲ. ಮೇಡಂ, ಗೇಟು ಗ್ರಿಲ್ಲಿಗೆ ಹೊಡೆಯೋ ಡಬ್ಬಿ ಮಾತ್ರ ತಗೋಬೇಡಿ, ಅದು ದಪ್ಪ, ಕಣ್ಣು ಮೂಗು ಎಲ್ಲಾ ಮುಚ್ಚಿಹೋಗುತ್ತೆ."

ಬೂದು ತಂದೆ. ದ್ರೋಹ ಇಲ್ಲದ್ದು ಏನಾದರೂ ಮನೆಯಲ್ಲಿರಲಿ. ಅವನು ಹೊಡೆಯುವ ಕ್ರಮವನ್ನೂ ಹೇಳಲು ಬಾಯಿ ತೆರೆದ. ಮೂವತ್ತು ವರ್ಷ ಕೋಟು ಹೊಲಿದವಳಿಗೆ ಡಬ್ಬಿ ಒತ್ತುವುದನ್ನು ಇವನೇನು ಕಲಿಸುವುದು ಎಂದು ಬಂದುಬಿಟ್ಟೆ.

ಸೆಪ್ಟೆಂಬರ್ 11, ಬುಧವಾರ

ಥೂ. ಥೂ. ಥೂ.

ಬೆಳಗ್ಗೆ ಮಳೆ ಬಿಟ್ಟಿತ್ತು, ತಾರಸಿ ಇನ್ನೂ ಒದ್ದೆ. ಆರು ಮಂದಿಯನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಡಬ್ಬಿಯನ್ನು ನಾಲ್ಕು ಸಲ ಅಲ್ಲಾಡಿಸಿ, ಡ್ರಮ್ಮಿನವನ ಮುಖದ ಹತ್ತಿರ ಹಿಡಿದು ಒತ್ತಿದೆ. ಮೊದಲು ಒಂದು ಎಂಜಲಿನಂಥ ಹನಿ ಉಗುಳಿತು, ಆಮೇಲೆ ಭುಸ್ಸೆಂದು ಬಂತು. ಅವನ ಮೂಗು ಹೋಯಿತು. ಕಣ್ಣು ತುಂಬಿಹೋಯಿತು. ಬಣ್ಣ ಗಲ್ಲದಿಂದ ಇಳಿದು ಡ್ರಮ್ಮಿನ ಮೇಲೆ ತೊಟ್ಟಿಕ್ಕಿತು. ಜೊಲ್ಲು! ನನ್ನ ಕರ್ಮ, ಇಲ್ಲೂ ಜೊಲ್ಲು.

ಹೆದರಿ ಮಾರುದ್ದ ದೂರ ನಿಂತು ಉಳಿದವರಿಗೆ ಹೊಡೆದೆ. ಅವರ ಮೈಯೆಲ್ಲ ಉಪ್ಪುಕಾಗದದ ಹಾಗೆ ಒರಟೊರಟಾಯಿತು. ಮುಟ್ಟಿದರೆ ಉಗುರು ಜುಮ್ಮೆನ್ನುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಡಬ್ಬಿಯನ್ನು ಬೈದೆ.

ಒಣಗಿದ ಮೇಲೆ ಇವರ ಮುಂದೆ ತಂದಿಟ್ಟೆ. ಇವರು ಡ್ರಮ್ಮಿನವನನ್ನು ನೋಡಿದರು, ನನ್ನನ್ನು ನೋಡಿದರು, ಮುಖ ತಿರುಗಿಸಿದರು. ಥೇಟ್ ನಾನು ಜೊಲ್ಲು ಒರೆಸುವಾಗ ತಿರುಗಿಸುವ ಹಾಗೆ. ನನ್ನ ಕೈಕೆಲಸ ನೋಡಿ ಇಲ್ಲಿಯವರೆಗೆ ಯಾರೂ ಮುಖ ತಿರುಗಿಸಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಸೆಪ್ಟೆಂಬರ್ 12

ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನ ಕೈ ಇನ್ನೂ ಬೂದು. ಇವರ ಬಾಯಿ ಮುಚ್ಚಿಯೇ ಇದೆ.

ಸೆಪ್ಟೆಂಬರ್ 15, ಭಾನುವಾರ

ನಾದಿನಿ ಬಂದಿದ್ದಳು. ಹಣ್ಣಿನ ಚೀಲದ ಜೊತೆಗೆ ಒಂದು ಚೀಲ ಕನಿಕರವನ್ನೂ ತಂದಿದ್ದಳು. ಅಣ್ಣನ ತಲೆ ಸವರಿದಳು, ಎಳೆಯ ಮಗುವನ್ನು ಮಾತಾಡಿಸುವ ದನಿಯಲ್ಲಿ "ಯಾರು ಬಂದಿದ್ದು ಹೇಳು, ಹೇಳು" ಎಂದಳು. ಇವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೇಜಿನ ಮೇಲಿನ ಸಾಲನ್ನು ಕಂಡಳು.

"ಅತ್ತಿಗೆ, ಇದೇನು ಗೊಂಬೆ ಆಟ ಆಡೋ ಹೊತ್ತೇ?"

"ಗೊಂಬೆ ಅಲ್ಲ, ಮಾಡೆಲ್" ಎಂದೆ. ಬಾಯಿಂದ ಹೇಗೆ ಬಂತೋ. ಆ ಪದವನ್ನು ಇವರು ಹೇಳಿದಾಗಲೆಲ್ಲ ಮೂಗು ಮುರಿದವಳು ನಾನು.

"ಏನೋ ಒಂದು. ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಂಥವರನ್ನ ನೋಡ್ಕೊಳ್ಳೋ ಜಾಗ ಇದೆ. ನರ್ಸ್ ಇರ್ತಾರೆ. ಊಟ ಮಾಡಿಸ್ತಾರೆ, ಕ್ಲೀನ್ ಮಾಡ್ತಾರೆ. ನಿಮಗೆ ಆಗ್ತಿಲ್ಲ, ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ನಿಮಗೆ ಅಸಹ್ಯ ಆಗ್ತಿದೆ."

"ಆಗ್ತಿದೆ" ಎಂದೆ. "ನಿನಗೆ ಆಗ್ತಿಲ್ವಾ? ಬಾ, ಇವತ್ತು ಮಂಚದ ಕೆಳಗಿನ ಪಾಟ್ ನೀನೇ ತೆಗಿ."

ಹಣ್ಣಿಟ್ಟು ಹೋದಳು. ಹೋಗುವಾಗ ಡ್ರಮ್ಮಿನವನನ್ನು ಎರಡು ಬೆರಳಲ್ಲಿ ಎತ್ತಿ, "ಅಯ್ಯೋ, ಇದಕ್ಕೆ ಮುಖಾನೇ ಇಲ್ಲ" ಎಂದು ನಕ್ಕಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಖ ಇತ್ತು. ಹಾಳು ಮಾಡಿದವಳು ನಾನು.

ಸೆಪ್ಟೆಂಬರ್ 17, ಮಂಗಳವಾರ

ಜಂಬ ಬಿಟ್ಟು ಗಡ್ಡದವನ ಹತ್ತಿರ ಹೋದೆ. ಆರನ್ನೂ ಡಬ್ಬದಲ್ಲಿಟ್ಟುಕೊಂಡು ಹೋಗಿ ಕಳ್ಳಸಾಮಾನು ತೋರಿಸುವಂತೆ ಮುಚ್ಚಳ ತೆರೆದೆ. ಅವನು ಹಲ್ಲು ಕಚ್ಚಿ ಉಸಿರೆಳೆದುಕೊಂಡ.

"ಹತ್ತಿರ ಹೋದ್ರೆ ಮುಖ ಮುಳುಗುತ್ತೆ, ದೂರ ಹೋದ್ರೆ ಗಾಳೀಲೇ ಒಣಗಿ ಪುಡಿಯಾಗಿ ಬೀಳುತ್ತೆ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಥಂಡಿ ದಿನ ಹೊಡೀಲೇಬಾರದು. ಡಬ್ಬಿನ ಎರಡು ನಿಮಿಷ ಅಲ್ಲಾಡಿಸ್ಬೇಕು, ಗಡಿಯಾರ ನೋಡ್ಕೊಂಡು."

"ಇವೆಲ್ಲಾ ಸತ್ತವೇ?"

"ಬದುಕಿಸ್ಬಹುದು" ಎಂದು ಬಣ್ಣ ಬಿಡಿಸುವ ದ್ರವದ ಒಂದು ಸೀಸೆ ಕೊಟ್ಟ. ಅದರಲ್ಲಿ ನೆನೆಹಾಕಿ ಮಾರನೆಯ ದಿನ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಬೇಕಂತೆ.

ಸೆಪ್ಟೆಂಬರ್ 18, ಬುಧವಾರ

ಬೆಳಗ್ಗೆ ಇವರ ಹಲ್ಲುಜ್ಜಿಸಿ, ಬಾಯಿ ತೊಳೆಸಿ, ಗಡ್ಡ ಹೆರೆದು, ಆಮೇಲೆ ಹಳೆಯ ಬ್ರಶ್ ಹಿಡಿದು ಡ್ರಮ್ಮಿನವನ ಮುಂದೆ ಕೂತೆ. ಕೊಳೆತ ಸಿಪ್ಪೆಯಂತೆ ಬೂದು ಬಣ್ಣ ಕಿತ್ತು ಬರುತ್ತದೆ, ಲೋಳೆ ಲೋಳೆ. ಇಡೀ ದಿನದಲ್ಲಿ ಅದೊಂದೇ ಅಸಹ್ಯದ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಮೂಗು ಸಿಕ್ಕಿತು. ಎಡಗಣ್ಣು ಸಿಕ್ಕಿತು. ಬಲಗಣ್ಣಿಗೆ ಗುಂಡುಸೂಜಿ ಬೇಕಾಯಿತು. ಮುಖ ಬಂದ ಮೇಲೆ ನೋಡಿದರೆ ಡ್ರಮ್ಮಿನವನ ಹುಬ್ಬು ಗಂಟಿಕ್ಕಿದೆ. ಇಷ್ಟು ದಿನ ಗಮನಿಸಿರಲಿಲ್ಲ. ಏನೋ ತಪ್ಪು ಲೆಕ್ಕ ಹಾಕುತ್ತಿರುವವನ ಮುಖ.

ಸೆಪ್ಟೆಂಬರ್ 19, ಗುರುವಾರ

ವಕೀಲರ ಕೋಟು ಇಸ್ತ್ರಿ ಮಾಡುತ್ತಿದ್ದೆ. ನೀರಿನ ಪಂಪು ಹಿಡಿದು ತೋಳಿಗೆ ಚಿಮುಕಿಸಿದೆ. ಕೈ ತಾನಾಗಿ ತೋಳಿನ ಆಚೆ ಶುರು ಮಾಡಿ, ಬಟ್ಟೆಯ ಮೇಲೆ ಒಂದೇ ಬೀಸಿಗೆ ಹಾದು, ಈಚೆ ಹೋಗಿ ನಿಂತಿತು. ನಾನು ಪಂಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಅಪ್ಪನ ಇಸ್ತ್ರಿ ಅಂಗಡಿ. ಅಪ್ಪ ಬಾಯಲ್ಲಿ ನೀರು ತುಂಬಿಕೊಂಡು ಫುರ್ರೆಂದು ಬಟ್ಟೆಯ ಮೇಲೆ ಊದುತ್ತಿದ್ದರು. ಊರವರ ಬಟ್ಟೆಗೆ ನಮ್ಮಪ್ಪನ ಎಂಜಲು ಎಂದು ನನಗೆ ಸ್ಕೂಲಿನಲ್ಲಿ ತಲೆ ಎತ್ತಲು ಆಗುತ್ತಿರಲಿಲ್ಲ. ಅದಕ್ಕೇ ನಾನು ಮೊದಲ ಸಂಪಾದನೆಯಲ್ಲಿ ಪಂಪು ಕೊಂಡವಳು. ಆದರೆ ಕೈಬೀಸು ಅಪ್ಪನದೇ. "ನೀರು ಬಟ್ಟೆ ಮೇಲೆ ಶುರುವಾಗಬಾರದು ಮಗಳೇ, ಬಟ್ಟೆ ಮೇಲೆ ನಿಲ್ಲಲೂಬಾರದು. ಶುರುವಾದ ಕಡೆ ಹನಿ ಬೀಳುತ್ತೆ, ನಿಂತ ಕಡೆನೂ ಹನಿ ಬೀಳುತ್ತೆ. ಹನಿ ಬಿದ್ದ ಕಡೆ ಕಲೆ."

ಹನಿ! ಡ್ರಮ್ಮಿನವನ ಮುಖದ ಮೇಲೆ ಉಗುಳಿದ ಹನಿ ಅದೇ. ಗೊತ್ತಿದ್ದ ವಿದ್ಯೆಯನ್ನೇ ಗೊತ್ತಿಲ್ಲವೆಂದು ಊರೂರು ಹುಡುಕಿದೆನಲ್ಲ, ಎಂಥ ಪೆದ್ದಿ ನಾನು. ವಕೀಲರ ಕೋಟಿಗೆ ಇಸ್ತ್ರಿಯ ಗುರುತು ಬಿತ್ತು. ತೋಳಿನ ಒಳಮಗ್ಗುಲಿಗೆ, ಕಾಣುವುದಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಬಿಸಿಲು. ಹಗ್ಗದ ಮೇಲಿನ ಬಟ್ಟೆ ಒಂದು ಗಂಟೆಗೆ ಒಣಗಿತು, ಥಂಡಿ ಇಲ್ಲ. ಬಟ್ಟೆಯನ್ನೆಲ್ಲ ಒಳಗೆ ತೆಗೆದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡೆ. ಡಬ್ಬಿಯನ್ನು ನೂರಿಪ್ಪತ್ತು ಎಣಿಸುವವರೆಗೆ ಅಲ್ಲಾಡಿಸಿದೆ, ಒಳಗಿನ ಗೋಲಿ ಕಟಕಟ ಎನ್ನುತ್ತಿತ್ತು, ಪಕ್ಕದ ತಾರಸಿಯವಳು ಇಣುಕಿ ನೋಡಿದಳು. ನೋಡಲಿ.

ಗೇಣು, ನಾಲ್ಕು ಬೆರಳು. ಸಾಲಿನ ಆಚೆ ಒತ್ತಿ, ಸಾಲಿನ ಮೇಲೆ ಹಾದು, ಈಚೆ ಬಂದು ಬಿಟ್ಟೆ. ಅಪ್ಪನ ಬೀಸು. ಮೊದಲ ಕೋಟ್ ಅರ್ಧಂಬರ್ಧ ಕಂಡಿತು, ಇನ್ನೊಂದು ಸಲ ಹೊಡೆಯಲು ಬೆರಳು ಚಡಪಡಿಸಿತು, ತಡೆದುಕೊಂಡೆ. ಕಾಲು ಗಂಟೆ ಬಿಟ್ಟು ಎರಡನೆಯದು, ಮತ್ತೆ ಕಾಲು ಗಂಟೆ ಬಿಟ್ಟು ಮೂರನೆಯದು. ಎಂಟು ಮಂದಿ. ಎಲ್ಲರ ಮೈಗೂ ಒಂದೇ ಬೂದು, ಗುಂಡಿ ಗುಂಡಿಯೂ ಕಾಣುತ್ತದೆ, ಡ್ರಮ್ಮಿನವನ ಹುಬ್ಬಿನ ಗಂಟು ಕೂಡ. ನನಗೇ ಹೆಮ್ಮೆಯಾಯಿತು ಎಂದು ಬರೆದರೆ ತಪ್ಪಿಲ್ಲ.

ಟ್ರೇಯಲ್ಲಿ ತಂದೆ. ಇವರು ಎದ್ದು ಕೂತರು. ಎಡಗೈಯಲ್ಲಿ ಡ್ರಮ್ಮಿನವನನ್ನು ಎತ್ತಿದರು. ಕಣ್ಣಿನ ಹತ್ತಿರ ಹಿಡಿದರು, ಅಂಗಡಿಯಲ್ಲಿ ಗಾಜು ಪರೀಕ್ಷಿಸುವ ಹಾಗೆ. ತಿರುಗಿಸಬೇಕಾಗಿತ್ತು, ಒಂದು ಕೈಯಲ್ಲಿ ಆಗಲಿಲ್ಲ. ಆಗ ಬಲಗೈ ಎದ್ದಿತು. ತೊಡೆಯಿಂದ ಅಷ್ಟೇ ಎತ್ತರ, ನಡುಗುತ್ತ ಬಂದು ಬಾಟಲಿ ಮುಚ್ಚಳಕ್ಕೆ ಆನಿಕೊಂಡಿತು. ಇವರು ಡ್ರಮ್ಮಿನವನನ್ನು ತಲೆಕೆಳಗು ಮಾಡಿ ಕಂಕುಳಿನ ಸಂದಿಯಲ್ಲಿ ಉಗುರಾಡಿಸಿದರು. ಅಲ್ಲಿ ಸಾಸಿವೆಯಷ್ಟು ಜಾಗಕ್ಕೆ ಪ್ರೈಮರ್ ತಲುಪಿರಲಿಲ್ಲ.

"ಥೂ" ಎಂದರು.

ಸ್ಪಷ್ಟವಾಗಿ. ಥಕಾರ, ಅದಕ್ಕೆ ದೀರ್ಘ, ಎಲ್ಲ ಸೇರಿ. ನಲವತ್ತೆರಡು ದಿನದ ಮೇಲೆ ನನ್ನ ಗಂಡ ಆಡಿದ ಮೊದಲ ಮಾತು.

"ಇನ್ನೊಂದ್ಸಲ ಅನ್ನಿ ರೀ" ಎಂದು ಬೇಡಿಕೊಂಡೆ. ಅನ್ನಲಿಲ್ಲ. ಮೇಡಂ ಕೊಟ್ಟ ಪುಸ್ತಕ ತೆರೆದು ಬಹಳ ಹೊತ್ತು ಕೂತೆ. ಇದನ್ನೆಲ್ಲ ಅದರಲ್ಲಿ ಬರೆಯುವುದೋ ಬಿಡುವುದೋ. ಕೊನೆಗೆ ಬರೆದೆ: "ಮಾತು: ಒಂದು (ಬೈಗುಳ). ಬಲಗೈ: ಹಿಡಿದರು."

ಸೆಪ್ಟೆಂಬರ್ 24, ಮಂಗಳವಾರ

ಮೇಡಂ ಓದಿ ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು ತಣ್ಣೀರೆರಚಿದರು.

"ಖುಷಿಪಡಿ ಅಮ್ಮ, ನಿಜವಾಗಿ ಖುಷಿಪಡಿ. ಆದ್ರೆ ಸುಳ್ಳು ಹೇಳಲ್ಲ. ಬೈಗುಳ, ಒಂದು ಎರಡು ಎಣಿಸೋದು, ಇವೆಲ್ಲಾ ಯೋಚನೆ ಇಲ್ದೇ ಬಂದುಬಿಡುತ್ತೆ. ಸೀನು ಬಂದ ಹಾಗೆ. ನಮಗೆ ಬೇಕಾಗಿರೋದು ತಾವೇ ಯೋಚಿಸಿ, ಹುಡುಕಿ ಹೇಳಿದ ಒಂದು ಮಾತು. ಅದು ಒಂದು ಬಂದ್ರೆ ಬಾಗಿಲು ತೆರೀತು ಅಂತ."

ಸೀನಂತೆ. ನಾಲ್ಕು ದಿನ ಸೀನಿಗೆ ಸಂಭ್ರಮಪಟ್ಟೆ.

ಸೆಪ್ಟೆಂಬರ್ 27, ಶುಕ್ರವಾರ

ಮುಖಂಡ ಒಬ್ಬನನ್ನು ಬಿಟ್ಟು ಇಪ್ಪತ್ತಮೂರು ಮಂದಿಗೂ ಪ್ರೈಮರ್ ಆಯಿತು. ಅವನ ಕೋಲು ಬಲು ತೆಳು, ಅವನಿಗೆ ಹೊಡೆಯಲು ಧೈರ್ಯ ಸಾಲದೆ ಇಟ್ಟಿದ್ದೇನೆ. ಕಂಕುಳು, ಮೊಣಕಾಲಿನ ಹಿಂದೆ, ಟೋಪಿಯ ಅಂಚಿನ ಕೆಳಗೆ, ಎಲ್ಲೂ ಒಂದು ಚುಕ್ಕೆ ಬಿಟ್ಟಿಲ್ಲ. ತಲೆಕೆಳಗು ಮಾಡಿ ಒಂದು ಸಲ ಹೊಡೆಯುವುದು ಗುಟ್ಟು.

ಇವರು ಬೆಳಗ್ಗೆ ತಾವೇ ಎದ್ದು ಕೂತು ಕಾಯುತ್ತಾರೆ. ಬಲಗೈಯಲ್ಲಿ ಮುಚ್ಚಳ ಹಿಡಿದು, ಎಡಗೈಯಲ್ಲಿ ಕೆಂಪು ಹಚ್ಚುತ್ತಾರೆ. ಗೆರೆ ಡೊಂಕು, ಒರೆಸಿ ಮತ್ತೆ ಹಚ್ಚುತ್ತಾರೆ. ಬಣ್ಣ ನಿಲ್ಲುತ್ತದೆ. ನಾನು ಎದುರಿಗೆ ಕಾಜ ಹೊಲಿಯುತ್ತ ಕೂರುತ್ತೇನೆ. ಜೊಲ್ಲು ಡ್ರಮ್ಮಿನ ಮೇಲೆ ಬೀಳುವ ಮುಂಚೆ ಗಲ್ಲದ ಕೆಳಗೆ ಬೆರಳು ಹಿಡಿಯಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ.

ಆದರೆ ಮಾತಿಲ್ಲ. ತಪ್ಪೇ ಇಲ್ಲದ ಕೆಲಸಕ್ಕೆ ಬೈಯುವುದಾದರೂ ಏನನ್ನು? ನಾನು ಕಲಿತಷ್ಟೂ ಮನೆ ಮೌನ. ಇದಕ್ಕಿಂತ ದರಿದ್ರ ವಿದ್ಯೆ ಇನ್ನೊಂದಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಆಸ್ಪತ್ರೆಯಲ್ಲಿ ತಪಾಸಣೆ. ಡಾಕ್ಟರು ಬಲಗೈ ಪರವಾಗಿಲ್ಲ ಎಂದರು, ಮಾತಿನ ಬಗ್ಗೆ ಭುಜ ಕುಣಿಸಿದರು. ಕಾಯುವ ಕಡೆಯ ಕಬ್ಬಿಣದ ಕಂಬಿ ನೋಡಿ ಮೈ ಉರಿಯಿತು. ಪ್ರೈಮರ್ ಇಲ್ಲದೆ ಸೀದಾ ಬಿಳಿ ಬಣ್ಣ ಬಳಿದಿದ್ದಾರೆ, ಚಕ್ಕೆ ಚಕ್ಕೆ ಎದ್ದಿದೆ, ಕೆಳಗೆಲ್ಲ ಬಣ್ಣ ಸುರಿದು ಗಟ್ಟಿಯಾಗಿದೆ. ಯಾವ ನಾಚಿಕೆಗೆಟ್ಟವನ ಕೆಲಸವೋ. ನಾನು ಒಂದು ಚಕ್ಕೆ ಎಬ್ಬಿಸಿ ಇವರಿಗೆ ತೋರಿಸಿದೆ. ಇವರೂ ಒಂದು ಎಬ್ಬಿಸಿದರು, ಬಲಗೈಯ ಉಗುರಲ್ಲಿ. ಇಬ್ಬರೂ ಕೂತು ಮೊಳದುದ್ದ ಕಂಬಿ ಸುಲಿದೆವು. ನರ್ಸ್ ಬಂದು ಬೈದಳು.

ಅಕ್ಟೋಬರ್ 2, ಬುಧವಾರ

ಇವತ್ತು ನಾನು ನನ್ನ ಕೈಗೆ ದ್ರೋಹ ಮಾಡಿದೆ.

ಒಂದು ಹೊಲಿಗೆ ಓರೆಯಾದರೆ ಇಡೀ ಪಟ್ಟಿ ಬಿಚ್ಚುವವಳು ನಾನು. ಮುಖಂಡನನ್ನು ತಾರಸಿಗೆ ಒಯ್ದೆ. ಒಳ್ಳೆಯ ಬಿಸಿಲು, ಗಾಳಿ ಇಲ್ಲ, ಡಬ್ಬಿ ಚೆನ್ನಾಗಿ ಕಲಕಿದೆ. ಕೈ ತಾನಾಗಿ ಗೇಣು ನಾಲ್ಕು ಬೆರಳಿಗೆ ಹೋಗಿ ನಿಂತಿತು. ಅದನ್ನು ಹಿಂದಕ್ಕೆ ಎಳೆದುಕೊಂಡೆ. ಮಾರುದ್ದ ದೂರ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒತ್ತಿದೆ. ಮುಖಂಡನ ಮೈ ಉಪ್ಪುಕಾಗದವಾಯಿತು. ಸಾಲದೆಂದು ಹತ್ತಿರ ಬಂದು ಕೋಲಿನ ತುದಿಗೆ ಒಂದು ಹನಿಯನ್ನೂ ಉಗುಳಿಸಿದೆ. ನೋಡಿದರೆ ವಾಕರಿಕೆ ಬರಬೇಕು, ಹಾಗೆ.

ಬೈಗುಳವಾದರೂ ಸರಿ, ಸೀನಾದರೂ ಸರಿ, ಒಂದು ಸದ್ದು ಬೇಕಾಗಿತ್ತು ನನಗೆ. ಬರೆಯಲು ನಾಚಿಕೆಯಿಲ್ಲ.

ಟ್ರೇ ಇಟ್ಟು ಎದುರಿಗೆ ಕೂತೆ. ಇವರು ಮುಖಂಡನನ್ನು ಎತ್ತಿದರು. ಬಲಗೈಯಲ್ಲಿ ಹಿಡಿದು, ಎಡಗೈಯ ಬೆರಳನ್ನು ಅವನ ಬೆನ್ನ ಮೇಲೆ ಆಡಿಸಿದರು. ಕೋಲಿನ ತುದಿಯ ಹನಿ ನೋಡಿದರು. ನಾನು "ಥೂ" ಕೇಳಲು ಕಿವಿಯೆಲ್ಲ ತೆರೆದು ಕಾದೆ. ಬರಲಿಲ್ಲ. ಇವರು ಸಾಲಿನಲ್ಲಿದ್ದ ಉಳಿದ ಇಪ್ಪತ್ತಮೂರು ಮಂದಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನಾನು ಕಾಜದ ಕಡೆ ತಲೆ ತಗ್ಗಿಸಬೇಕಾಯಿತು.

"ಬೇ" ಎಂದರು.

ತಲೆ ಎತ್ತಿದೆ. ತುಟಿ ಸೊಟ್ಟಗಾಗಿ ಏನನ್ನೋ ಹುಡುಕುತ್ತಿತ್ತು. ಹಣೆಯ ನರ ಉಬ್ಬಿತ್ತು. ಜೊಲ್ಲು ಇಳಿಯಿತು. ನಾನು ಒರೆಸಲು ಏಳಲಿಲ್ಲ, ಎದ್ದರೆ ಅದು ಹಾರಿಹೋಗುತ್ತದೆ ಎಂದು ಭಯ.

"ಬೇ... ಬೇಕಂತ್ಲೇ."

"ಏನು ರೀ?"

"ಬೇಕಂತ್ಲೇ" ಎಂದರು ಮತ್ತೆ, ಮುಖಂಡನನ್ನು ನನ್ನ ಮೂಗಿನ ಹತ್ತಿರ ಹಿಡಿದು. "ನೀ... ಬೇಕಂತ್ಲೇ."

ಸಿಕ್ಕಿಬಿದ್ದೆ. ಮೂವತ್ತೊಂದು ವರ್ಷ ನನ್ನ ಕೆಲಸದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದುಕೊಂಡಿದ್ದ ಮನುಷ್ಯನಿಗೆ, ನನ್ನ ಕೈ ತಪ್ಪುವುದಕ್ಕೂ ನಾನು ತಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಗೊತ್ತು.

"ಹೌದು, ಬೇಕಂತ್ಲೇ. ಏನೀಗ?" ಎಂದೆ. ಗಲ್ಲ, ಕಾಲರು ಒರೆಸಿದೆ. ಕಣ್ಣು ಕೂಡ, ಇಬ್ಬರದೂ.

ಮೇಡಂ ಪುಸ್ತಕದಲ್ಲಿ ಬರೆದೆ: "ಮಾತು: ಬೇಕಂತಲೇ. ಮೂರು ಸಲ. ಯೋಚಿಸಿ ಹೇಳಿದ್ದು." ನನಗೇ ಓದಲು ಬರುವ ಹಾಗೆ ದುಂಡಗೆ ಬರೆದೆ.

ಅಷ್ಟರಲ್ಲಿ ಇವರು ಬಲಗೈ ಚಾಚಿ ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ್ದರು. ಮುಖಂಡನನ್ನು ನೆನೆಹಾಕಿ, ಉಜ್ಜಿ, ಅಷ್ಟನ್ನೂ ಕಿತ್ತು, ನಾಳೆ ಮೊದಲಿನಿಂದ ಹೊಡೆಯಬೇಕು. ಎಂಥ ಹೇಸಿಗೆ ಕೆಲಸ.